ಬೋಡಸರ ಯಾದಿ ಮತ್ತು ನಾನು ಕಂಡ ಬೀಗಗಳು

ನಮ್ಮ ಪಕ್ಷದ ವಾರ್ಡ್ ಆಫೀಸಿಗೆ ಹೊಸದಾಗಿ ಬಂದಿರುವ ಹುಡುಗ ಹುಡುಗಿಯರು ಕೈಯಲ್ಲಿ ಟ್ಯಾಬ್ ಹಿಡಿದುಕೊಂಡು ನನ್ನನ್ನು ಕೇಳುತ್ತಾರೆ, "ಆಂಟಿ, ನಿಮ್ಮ ಟೈಮ್‌ನಲ್ಲಿ ಡೇಟಾ ಎಲ್ಲಿಂದ ಬರ್ತಿತ್ತು?" ಡೇಟಾ ಅಂತೆ, ಡೇಟಾ! ನಾವು ಅದನ್ನು ಯಾದಿ ಅನ್ನುತ್ತಿದ್ದೆವು. ಅದು ಎಲ್ಲಿಂದಲೂ ಬರುತ್ತಿರಲಿಲ್ಲ, ನಾವೇ ಮೆಟ್ಟಿಲು ಹತ್ತಿ ಇಳಿದು ತರಬೇಕಿತ್ತು. ನನ್ನ ಮೊಣಕಾಲು ಹಾಳಾದದ್ದು ಹಾಗೆ. ಆ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ಪಕ್ಷ ಅಂತ ಮಾತ್ರ ಹೇಳುವುದಿಲ್ಲ. ಹೇಳಿದರೆ ಓದುವವರಲ್ಲಿ ಅರ್ಧ ಜನ ಇಲ್ಲಿಗೇ ಪುಟ ಮಡಚಿಬಿಡುತ್ತೀರಿ.

ನಾನು ಶಾಂತಾ ಪಾಟೀಲ. ಅಪ್ಪ ವಿಜಯಪುರದ ಕಡೆಯಿಂದ ಬಂದು ಮುಂಬಯಿಯ ಚೆಂಬೂರಿನ ರಿಫೈನರಿಯಲ್ಲಿ ಕೆಲಸಕ್ಕೆ ಸೇರಿದವರು. ನಾನು ಪಕ್ಷದ ಆಫೀಸಿಗೆ ಸೇರಿದ್ದು ಸಿದ್ಧಾಂತಕ್ಕಲ್ಲ, ಅಕ್ಷರ ದುಂಡಗಿತ್ತು ಅನ್ನುವ ಒಂದೇ ಕಾರಣಕ್ಕೆ. ಆಗ ಮತದಾರರ ಚೀಟಿಗಳನ್ನು ಕೈಯಲ್ಲೇ ಬರೆಯಬೇಕಿತ್ತು. ಹೆಸರು, ಪಟ್ಟಿಯ ಭಾಗ, ಕ್ರಮಸಂಖ್ಯೆ, ಯಾವ ಶಾಲೆ, ಯಾವ ಕೋಣೆ. ಮೊದಲ ಚುನಾವಣೆಯಲ್ಲೇ ಒಂದು ಇಡೀ ಕಾಲೊನಿಗೆ ಶಾಲೆಯ ಹೆಸರನ್ನು ತಪ್ಪು ಬರೆದೆ. ಮೇ ತಿಂಗಳ ಬಿಸಿಲಿನಲ್ಲಿ ಮುದುಕರು ಮುದುಕಿಯರು ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ನಡೆದರು. ಒಬ್ಬ ಅಜ್ಜಿ ಮತ ಹಾಕಿ ಹಿಂದಿರುಗುವಾಗ ನಮ್ಮ ಟೇಬಲ್ಲಿನ ಮುಂದೆ ನಿಂತು, "ನಿಮ್ಮವನಿಗೇ ಹಾಕಬೇಕು ಅಂತ ಬಂದಿದ್ದೆ, ನಡೆಸಿ ನಡೆಸಿ ಮನಸ್ಸು ಬದಲಾಯಿತು" ಅಂತ ಮರಾಠಿಯಲ್ಲಿ ಹೇಳಿ ಹೋದರು. ನಾನು ಅತ್ತೆ. ಆಗ ನನ್ನ ಹಿಂದಿನಿಂದ ಅಚ್ಚ ಬೆಳಗಾವಿ ಕನ್ನಡದಲ್ಲಿ ಒಂದು ದನಿ ಬಂತು.

"ಅಳಬ್ಯಾಡ. ಆ ಅಜ್ಜಿ ಖರೇ ಹೇಳ್ಯಾಳ. ಅದನ್ನ ಬರಕೊ."

ಅವರೇ ಬೋಡಸರು. ಮಾತೃಭಾಷೆ ಮರಾಠಿ, ಹುಟ್ಟಿದ್ದು ಬೆಳೆದದ್ದು ಬೆಳಗಾವಿ, ಮನೆ ಮುಲುಂಡ್‌ನಲ್ಲಿ. ಯಾವುದೋ ಕಂಪನಿಯ ಸ್ಟೋರ್ಸ್‌ನಲ್ಲಿ ಕೆಲಸ ಮಾಡಿ, ಅದು ಮುಚ್ಚಿದ ಮೇಲೆ ಪಕ್ಷದ ಯಾದಿಯ ಕೆಲಸಕ್ಕೆ ಕೂತವರು. ಆಫೀಸಿನಲ್ಲಿ ಎಲ್ಲರ ಜೊತೆ ಮರಾಠಿ. ನನ್ನನ್ನು ಬೈಯುವಾಗ ಮಾತ್ರ ಕನ್ನಡ, ಉಳಿದವರಿಗೆ ತಿಳಿಯಬಾರದೆಂದು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಅವರಿಂದ ಬೈಸಿಕೊಂಡೆ. ಆ ಮರ್ಯಾದೆಯನ್ನು ನಾನು ಇಂದಿಗೂ ಮರೆತಿಲ್ಲ.

ಬೋಡಸರು ಮತದಾರರ ಪಟ್ಟಿಯನ್ನು ಓದುವುದನ್ನು ನೋಡಬೇಕಿತ್ತು ನೀವು. ಒಂದು ಮನೆಯ ನಂಬರಿನ ಎದುರು ಒಂಬತ್ತು ಹೆಸರು, ಎಲ್ಲ ಗಂಡಸರು, ಒಬ್ಬೊಬ್ಬರದು ಒಂದೊಂದು ಅಡ್ಡಹೆಸರು. "ಹೋಟೆಲ್ ಮಂದಿ ಖೋಲಿ" ಅನ್ನುತ್ತಿದ್ದರು, ಹೋಟೆಲ್ ಕೆಲಸದವರು ಕೂಡಿ ಇರುವ ಕೋಣೆ. ಎಂಬತ್ತು ದಾಟಿದ ಇಬ್ಬರೇ ಇದ್ದರೆ, "ಲಿಫ್ಟ್ ಅದ ಏನ ನೋಡು. ಇರಲಿಲ್ಲಂದ್ರ ಕುರ್ಚಿ ಹೊರಾಕ ಇಬ್ಬರನ್ನ ಕಳಸು." ಹತ್ತೊಂಬತ್ತರ ಹುಡುಗಿ ಹೊಸದಾಗಿ ಸೇರಿದ್ದರೆ, "ಇದರ ಫಸ್ಟ್ ವೋಟ್. ಮನಿ ಮಂದಿನೆಲ್ಲ ಇದೇ ಎಳಕೊಂಡ ಬರ್ತದ." ಹೀಗೆ ಒಣ ಕಾಗದದ ಮೇಲಿನ ವಯಸ್ಸು, ಲಿಂಗ, ಮನೆ ನಂಬರಿನಿಂದ ಅವರು ಅಡುಗೆಮನೆಯವರೆಗೆ ಹೋಗಿಬರುತ್ತಿದ್ದರು. ಜಾತಿ, ಭಾಷೆ ಅವರೂ ನೋಡುತ್ತಿದ್ದರು. ನೋಡುತ್ತಿರಲಿಲ್ಲ ಎಂದರೆ ಸುಳ್ಳಾದೀತು, ಎಲ್ಲ ಪಕ್ಷದವರೂ ನೋಡುತ್ತಾರೆ. ಆದರೆ ಅವರ ಮೊದಲ ಪ್ರಶ್ನೆ ಯಾವತ್ತೂ ಬೇರೆಯೇ: "ಈ ಮನುಷ್ಯಾ ಎಷ್ಟೊತ್ತಿಗೆ ಮನಿಯಾಗ ಇರ್ತಾನ?"

ಇದರ ಬೆಲೆ ನನಗೆ ತಿಳಿದದ್ದು ಮುಲುಂಡ್‌ನಲ್ಲಿ. ಅಲ್ಲಿನ ಒಂದು ದೊಡ್ಡ ಹೌಸಿಂಗ್ ಸೊಸೈಟಿಯಲ್ಲಿ ನಮ್ಮ ಅಭ್ಯರ್ಥಿಯ ಸಭೆಯನ್ನು ನಾನೇ ಗೊತ್ತು ಮಾಡಿದ್ದೆ. ವಾರದ ದಿನ, ಸಂಜೆ ಆರೂವರೆ. ಕುರ್ಚಿ ಹಾಕಿಸಿದೆ, ಮೈಕ್ ತರಿಸಿದೆ. ಬಂದವರು ಸೊಸೈಟಿಯ ವಾಚ್‌ಮನ್, ಎರಡು ಮಕ್ಕಳು, ಒಂದು ನಾಯಿ. ಮಿಕ್ಕವರೆಲ್ಲ ಆ ಹೊತ್ತಿಗೆ ಲೋಕಲ್ ರೈಲಿನಲ್ಲಿ ಒಂದೇ ಕಾಲಿನ ಮೇಲೆ ನಿಂತಿದ್ದರು! ಅಭ್ಯರ್ಥಿ ನನ್ನನ್ನು ನುಂಗುವ ಹಾಗೆ ನೋಡಿದರು. ಬೋಡಸರು ಮರುದಿನ ನನ್ನನ್ನು ಸ್ಟೇಷನ್ನಿನ ಸೇತುವೆಯ ಮೇಲೆ ಬೆಳಿಗ್ಗೆ ಎರಡು ಗಂಟೆ ಕಾಲ ನಿಲ್ಲಿಸಿ, ಯಾವ ಗಾಡಿಗೆ ಯಾವ ವಯಸ್ಸಿನವರು ಹೋಗುತ್ತಾರೆ ಅಂತ ಬರೆಸಿದರು. ಆ ಕಾಗದ ಹಿಡಿದು ನಾವು ಸಭೆಗಳನ್ನು ಭಾನುವಾರ ಬೆಳಿಗ್ಗೆ ಪೂರಿ ಭಾಜಿಯ ಹೊತ್ತಿಗೆ ಬದಲಿಸಿದೆವು. ಮತದಾನದ ದಿನ ಮುಲುಂಡ್‌ನವರನ್ನು ಬೆಳಿಗ್ಗೆ ಒಂಬತ್ತರೊಳಗೆ ಬೂತಿಗೆ ತರದಿದ್ದರೆ ರಜೆ ಅಂತ ಲೋಣಾವಳಕ್ಕೆ ಹೊರಟುಬಿಡುತ್ತಾರೆ ಎನ್ನುವುದೂ ಆಗಲೇ ತಿಳಿಯಿತು. ಚೆಂಬೂರಿನ ಕಾಲೊನಿಗಳಲ್ಲಿ ಹೆಂಗಸರು ಬರುವುದು ಊಟದ ಪಾತ್ರೆ ತೊಳೆದ ಮೇಲೆ. ಮಾಟುಂಗದ ಹಿರಿಯರು ದೇವರ ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಪಂಚೆಯುಟ್ಟು, ಮದುವೆಗೆ ಬಂದವರ ಹಾಗೆ ಬರುತ್ತಾರೆ. ಅವರಿಗೆ ಚೀಟಿ ಕೊಡುವಾಗ ಎದ್ದು ನಿಲ್ಲಬೇಕು, ಇಲ್ಲವಾದರೆ ಮುನಿಸು.

ಮತದಾನದ ದಿನ ನನ್ನ ಟೇಬಲ್ಲಿನ ಕೆಲಸ ಇಷ್ಟೇ. ಮತ ಹಾಕಿ ಬಂದವರ ಹೆಸರಿಗೆ ಪೆನ್ಸಿಲ್ ಗೆರೆ. ಮಧ್ಯಾಹ್ನ ಗೆರೆ ಬೀಳದ ಹೆಸರುಗಳನ್ನು ಎಣಿಸಿ, ಯಾರನ್ನು ಕರೆತರಬೇಕು, ಯಾರನ್ನು ಮಲಗಲು ಬಿಡಬೇಕು ಅಂತ ನೋಡುವುದು. ಹೌದು, ಹಾಗೂ ಇತ್ತು. ನಮಗೆ ಹಾಕದವರು ಮಲಗಿದ್ದರೆ ನಾವು ಎಬ್ಬಿಸುತ್ತಿರಲಿಲ್ಲ. ಅದು ರಾಜಕೀಯ. ಎದ್ದು ಬಂದವರನ್ನು ತಡೆಯುವುದು ಬೇರೆ ಮಾತು, ಅದನ್ನು ಬೋಡಸರ ಟೇಬಲ್ಲಿನಲ್ಲಿ ಯಾರೂ ಮಾಡಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು, ಅಡ್ಡಹೆಸರು ನೋಡಿ ಭಾಷೆ ಹೇಳುವ ಸಾಫ್ಟ್‌ವೇರ್ ಬಂತು. ಅದು ಮೊದಲ ದಿನವೇ ಪಾಟೀಲ ಅಂತಿದ್ದ ನನ್ನನ್ನು ಮರಾಠಿ ಕಾಲಮ್ಮಿಗೆ ಹಾಕಿತು! ನಮ್ಮ ಮನೆಗೇ ನಮ್ಮ ಪಕ್ಷದಿಂದ ಮರಾಠಿಯಲ್ಲಿ ಹಬ್ಬದ ಶುಭಾಶಯ ಬಂತು. ಬೋಡಸರು ಅದನ್ನು ನೋಡಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಮಷಿನ್ ಖರ್ಚ ಇಲ್ಲದ ನಿನ್ನ ಮಾತೃಭಾಷಾನ ಬದಲಿಸ್ತು ನೋಡ" ಅಂದರು. ಆದರೂ ಅವರು ಕಂಪ್ಯೂಟರ್ ಕಲಿತರು, ನನಗೂ ಕಲಿಸಿದರು. ಹೊಸದನ್ನು ಕಂಡು ಮೂಗು ಮುರಿಯುವ ಮುದುಕರಲ್ಲ ಅವರು.

ಇನ್ನು ನನ್ನ ದೊಡ್ಡ ತಪ್ಪಿನ ಮಾತು. ಇದನ್ನು ಬರೆಯಲೆಂದೇ ಕೂತಿದ್ದೇನೆ.

ಅದು ಪಾಲಿಕೆ ಚುನಾವಣೆಗೆ ಮುಂಚಿನ ಮೇ ತಿಂಗಳು. ಚೆಂಬೂರಿನ ಒಂದು ಚಾಳಿಗೆ, ಅಂದರೆ ಒಂದೊಂದು ಕೋಣೆಯ ಮನೆಗಳ ಸಾಲಿಗೆ, ಮನೆಮನೆ ಸರ್ವೆಗೆ ನನ್ನನ್ನು ಕಳಿಸಿದ್ದರು. ಯಾರಿದ್ದಾರೆ, ಯಾರು ತೀರಿಕೊಂಡರು, ಯಾರು ಬಿಟ್ಟುಹೋದರು ಅಂತ ಬರೆದುಕೊಂಡು ಬರಬೇಕು. ಒಂದೇ ಸಾಲಿನಲ್ಲಿ ಹದಿನೇಳು ಖೋಲಿಗಳಿಗೆ ಬೀಗ. ಎರಡನೆಯ ಸಲ ಹೋದಾಗಲೂ ಬೀಗ. ಬೋಡಸರ ನಿಯಮ ಗಟ್ಟಿ: ಮೂರು ಸಲ ಬೇರೆ ಬೇರೆ ಹೊತ್ತಿನಲ್ಲಿ ಹೋಗಬೇಕು, ಅಕ್ಕಪಕ್ಕದವರನ್ನು ಕೇಳಬೇಕು, ಆಮೇಲಷ್ಟೇ 'ಸ್ಥಳಾಂತರ' ಅಂತ ಬರೆಯಬೇಕು. ಎರಡು ಸಲವೂ ನಾನು ಹೋಗಿದ್ದು ಹನ್ನೊಂದು ಗಂಟೆಗೆ. ಮೂರನೆಯ ಸಲ ಹೋಗಲಿಲ್ಲ. ವಿಜಯಪುರದ ರೈಲಿಗೆ ಟಿಕೆಟ್ ಆಗಿತ್ತು, ತಮ್ಮನ ಮಗಳ ಮದುವೆ. ಕೂತಲ್ಲೇ ಹದಿನೇಳು ಖೋಲಿಗಳ ಎದುರು 'ಸ್ಥಳಾಂತರ' ಅಂತ ನನ್ನ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟೆ. ನಲವತ್ತೆರಡು ಹೆಸರು.

ಮರುದಿನ ನನ್ನ ಮನೆಗೂ ಬೀಗ ಹಾಕಿ ಊರಿಗೆ ಹೊರಟೆ. ಮುಂಬಯಿಯ ಕನ್ನಡದವರೆಲ್ಲ ಮೇ ತಿಂಗಳಲ್ಲಿ ಊರಿಗೆ ಹೋಗುತ್ತಾರೆ, ಹೋಟೆಲಿನ ಗಂಡಸರು ನಸುಕಿನಲ್ಲೇ ಕೆಲಸಕ್ಕೆ ಹೊರಡುತ್ತಾರೆ, ಇದು ನನಗೆ ಗೊತ್ತಿಲ್ಲದ ಸಂಗತಿಯೇ? ಬೇರೆ ಯಾರಾದರೂ ಆ ತಪ್ಪು ಮಾಡಿದ್ದರೆ ಅಜ್ಞಾನ ಅನ್ನಬಹುದಿತ್ತು. ನನ್ನದು ಶುದ್ಧ ಸೋಮಾರಿತನ.

ನಮ್ಮ ಪಕ್ಷದ ವಾರ್ಡ್ ಅಧ್ಯಕ್ಷರ ಕೈಗೆ ನನ್ನ ಕಾಗದ ಸಿಕ್ಕಿತು. ಆ ಬೂತಿನಲ್ಲಿ ನಮಗೆ ಯಾವಾಗಲೂ ಕಡಿಮೆ ಮತ. ಅವರು ಬೋಡಸರನ್ನು ಕೇಳದೆ ನಲವತ್ತೆರಡು ಹೆಸರಿಗೂ ಆಕ್ಷೇಪಣೆ ಅರ್ಜಿ ಹಾಕಿಸಿದರು, ಇವರು ಇಲ್ಲಿ ವಾಸವಿಲ್ಲ ಅಂತ. ನೋಟೀಸು ಬಂದದ್ದೂ ಅದೇ ರಜೆಯಲ್ಲಿ, ಹಗಲು ಹೊತ್ತು, ಬಾಗಿಲಿಗೆ ಬೀಗ. ಚಳಿಗಾಲದಲ್ಲಿ ಕರಡು ಪಟ್ಟಿ ಬಂದಾಗ ಅಷ್ಟೂ ಹೆಸರು ಮಾಯ.

ಒಂದು ದಿನ ಮಧ್ಯಾಹ್ನ ಐವತ್ತರ ಆಸುಪಾಸಿನ ಒಬ್ಬರು ಆಫೀಸಿಗೆ ಬಂದರು. ಹೆಸರು ಕೊರಗಪ್ಪ, ಉಡುಪಿಯ ಕಡೆಯವರು, ಮಾಟುಂಗದ ಹೋಟೆಲೊಂದರಲ್ಲಿ ದೋಸೆಭಟ್ಟರು. ನಾನು ಕನ್ನಡದಲ್ಲಿ ಮಾತಾಡಿದ್ದು ಕೇಳಿ ಮುಖ ಅರಳಿತು. ಅವರ ಮುಖ ಅರಳಿದ್ದೇ ನನಗೆ ಆಮೇಲೆ ಹೆಚ್ಚು ಚುಚ್ಚಿತು.

"ಅಕ್ಕ, ನನ್ನ ಹೆಸರು ಪಟ್ಟಿಯಲ್ಲಿ ಇಲ್ಲ ಮಾರಾಯ್ರೆ. ಹೆಂಡತಿದೂ ಇಲ್ಲ. ನಮ್ಮ ಸಾಲಿನಲ್ಲಿ ಯಾರದ್ದೂ ಇಲ್ಲ. ನಾನು ಇಪ್ಪತ್ತೆಂಟು ವರ್ಷದಿಂದ ಅಲ್ಲೇ ಇದ್ದೇನೆ. ಎಲ್ಲಿಗೆ ಹೋದೆ ಅಂತ ಬರೆದದ್ದು ಇವರು?"

"ಮತ ಹಾಕಲಿಕ್ಕೆ ಅಂತ ಬಂದ್ರಾ?" ನಾನು ತೊದಲಿದೆ.

"ವೋಟು ಹಾಳಾಗಿ ಹೋಗ್ಲಿ ಅಕ್ಕ. ಚಾಳು ಒಡೆದು ಬಿಲ್ಡಿಂಗ್ ಕಟ್ಟಿ ಅಲ್ಲಿ ಇದ್ದವರಿಗೆ ಮನೆ ಕೊಡ್ತಾರಂತೆ. ಜನವರಿಯಲ್ಲಿ ಸರ್ವೆಗೆ ಬರ್ತಾರೆ. ಹೊಸ ಪಟ್ಟಿಯಲ್ಲಿ ಹೆಸರು ಉಂಟಾ ಅಂತ ಮೊದಲು ಕೇಳುವುದು. ಇಲ್ಲಿ ವಾಸ ಇಲ್ಲ ಅಂತ ಸರ್ಕಾರಿ ಕಾಗದದಲ್ಲೇ ಬಂದರೆ ನನ್ನ ಖೋಲಿ ಹೋಯ್ತಲ್ಲ. ಹದಿನೇಳು ಮನೆ. ಈ ವಯಸ್ಸಿನಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುದು?"

ಅವರಿಗೆ ನೀರು ಕೊಟ್ಟು ಕೂರಿಸಿ, ಒಳಗೆ ಹೋಗಿ ಬೋಡಸರಿಗೆ ಎಲ್ಲ ಹೇಳಿದೆ. ಟಿಕೆಟ್ಟು, ಮದುವೆ, ಹೋಗದೆ ಬಿಟ್ಟ ಮೂರನೆಯ ಸಲ, ಎಲ್ಲ. ಕನ್ನಡದಲ್ಲಿ ಬೈಗುಳ ಶುರುವಾಗುತ್ತದೆ ಅಂತ ಕಾದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅವರಿಗೆ ಕೆಲಸದಾಗ ಬಿಡುವು ಯಾವಾಗ ಇರ್ತದ?" ಅಂತ ಮಾತ್ರ ಕೇಳಿದರು.

"ಮಧ್ಯಾಹ್ನದ ಊಟದ ಗಿರಾಕಿ ಮುಗದ ಮ್ಯಾಲ, ಸಂಜಿ ಟಿಫಿನ್ ಶುರು ಆಗೋಕ್ಕಿಂತ ಮುಂಚೆ. ಮೂರೂವರೆಯಿಂದ ನಾಲ್ಕೂವರೆ."

"ಹೆಸರ ಸೇರಸೋ ಅರ್ಜಿ ತಗೊಂಡ ನಡಿ. ನಾನೂ ಬರ್ತೀನಿ."

ಆಗ ಬೋಡಸರಿಗೆ ಎಪ್ಪತ್ತರ ಹತ್ತಿರ. ನಾಲ್ಕು ದಿನ, ದಿನಕ್ಕೆ ಒಂದು ಗಂಟೆಯಂತೆ, ನಾವಿಬ್ಬರೂ ಮಾಟುಂಗದ ಹೋಟೆಲುಗಳ ಹಿಂಬಾಗಿಲಿನಿಂದ ಅಡುಗೆಮನೆಗಳನ್ನು ಹೊಕ್ಕೆವು. ಭಟ್ಟರು, ಸಪ್ಲಾಯರ್‌ಗಳು ಆಗಷ್ಟೇ ತಮ್ಮ ಊಟಕ್ಕೆ ಕೂತಿರುತ್ತಿದ್ದರು. ಬೋಡಸರು ತರಕಾರಿ ಹೆಚ್ಚುವ ಮೇಜಿನ ಮೂಲೆಯಲ್ಲಿ ಅರ್ಜಿ ಹರಡಿಕೊಂಡು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ತುಂಬಿಸಿ, ಸಹಿ ಹಾಕಿಸಿದರು. ಹೆಂಗಸರ ಅರ್ಜಿಗಳನ್ನು ನಾನು ಚಾಳಿಗೆ ಹೋಗಿ ಮಾಡಿಸಿದೆ. ಒಬ್ಬ ಭಟ್ಟರು ಬೋಡಸರಿಗೆ ಬಿಸಿ ಗೋಳಿಬಜೆ ಕೊಟ್ಟು, "ಯಜಮಾನ್ರೆ, ನೀವು ಯಾವ ಪಾರ್ಟಿ?" ಅಂದರು. ಬೋಡಸರು ಹೇಳಿದರು. ಭಟ್ಟರು ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಳ್ಳಲೋ ಬೇಡವೋ ಅನ್ನುವ ಹಾಗೆ ನೋಡಿದ್ದು ನೆನಪಾದರೆ ಈಗಲೂ ನಗು ಬರುತ್ತದೆ.

ಸುದ್ದಿ ಅಧ್ಯಕ್ಷರಿಗೆ ಮುಟ್ಟಿತು. ಅವರು ಮಾತಾಡಿದ್ದು ಮರಾಠಿಯಲ್ಲಿ, ಅರ್ಥ ಇಷ್ಟು: "ಬೋಡಸ್ ಸಾಹೇಬ್, ತಲೆ ನೆಟ್ಟಗಿದೆಯಾ? ಅವರು ನಮಗೆ ಹಾಕುವವರಲ್ಲ. ಚುನಾವಣೆ ಮುಗಿಯಲಿ, ಆಮೇಲೆ ಎಲ್ಲರನ್ನೂ ಸೇರಿಸಿ."

"ಯಾರು ಯಾರಿಗೆ ಹಾಕುತ್ತಾರೆ ಅಂತ ಯಾರು ಕಂಡಿದ್ದಾರೆ?" ಬೋಡಸರೂ ಮರಾಠಿಯಲ್ಲೇ ತಣ್ಣಗೆ ಹೇಳಿದರು. "ನೀವು ನಂಬಿದ ಕಾಗದವೇ ಸುಳ್ಳು. ಸುಳ್ಳು ಯಾದಿ ಇಟ್ಟುಕೊಂಡು ನಾನು ಬೂತಿನ ಲೆಕ್ಕ ಹೇಳುವುದಿಲ್ಲ. ಬೇರೆಯವರಿಂದ ಹೇಳಿಸಿಕೊಳ್ಳಿ."

ಬೇರೆ ಯಾರೂ ಇರಲಿಲ್ಲ.

ಆ ಅರ್ಜಿಗಳ ವಿಚಾರಣೆಯ ದಿನ ಹೋಟೆಲಿನವರಲ್ಲಿ ಅರ್ಧ ಜನ ರಜೆ ಹಾಕಿ ಬಂದಿದ್ದರು. ಚುನಾವಣಾ ಅಧಿಕಾರಿ ತಾಳ್ಮೆಯ ಹೆಂಗಸು. ನನ್ನ ಸರ್ವೆ ಕಾಗದವನ್ನು ಬೋಡಸರೇ ಅವರ ಮುಂದಿಟ್ಟು, ತಪ್ಪು ನಮ್ಮ ಪಕ್ಷದ್ದು ಅಂತ ಪತ್ರ ಕೊಟ್ಟರು. ಅಧಿಕಾರಿ ತಲೆಯೆತ್ತಿ, "ಇದನ್ನು ಬರೆದವರು ಯಾರು?" ಅಂದರು. ಕೊರಗಪ್ಪ ಅಲ್ಲೇ ನಿಂತಿದ್ದರು. ಅವರಿಗೆ ಆವರೆಗೆ ಗೊತ್ತಿರಲಿಲ್ಲ.

"ನಾನು" ಅಂದೆ.

"ಇವರು ಮನೆ ಬಿಟ್ಟು ಹೋದದ್ದನ್ನು ನೋಡಿದಿರಾ?"

"ಇಲ್ಲ ಮೇಡಮ್. ಬೀಗ ನೋಡಿದೆ."

ಹೊರಗೆ ಬಂದ ಮೇಲೆ ಕೊರಗಪ್ಪ, "ನೀವಾದ್ರೂ ನಮ್ಮವರಲ್ವಾ ಅಕ್ಕ? ಒಂದು ಮಾತು ಪಕ್ಕದ ಚಾಳಿನಲ್ಲಿ ಕೇಳಬಹುದಿತ್ತು" ಅಂದರು. ಅಷ್ಟೇ. ನಾನು ಅವರ ಕೈ ಹಿಡಿದು ಕ್ಷಮೆ ಕೇಳಿದೆ. ಹೊಸ ಮಕ್ಕಳೇ, ಈ ಕೆಲಸದಲ್ಲಿ ಕ್ಷಮೆ ಕೇಳುವುದನ್ನು ಮೊದಲು ಕಲಿಯಿರಿ, ಸಾಫ್ಟ್‌ವೇರ್ ಆಮೇಲೆ.

ನಲವತ್ತೆರಡು ಹೆಸರೂ ಪಟ್ಟಿಗೆ ಮರಳಿದವು. ಜನವರಿಯ ಸರ್ವೆಯವರು ಬಂದಾಗ ಹದಿನೇಳು ಖೋಲಿಗಳೂ ಲೆಕ್ಕಕ್ಕೆ ಸೇರಿದವು. ಕೊರಗಪ್ಪ ಫೋನ್ ಮಾಡಿ ಹೇಳಿದಾಗ ನಾನು ಆಫೀಸಿನಲ್ಲೇ ಜೋರಾಗಿ "ಅಬ್ಬಾ ಶಿವನೇ!" ಅಂದುಬಿಟ್ಟೆ.

ಫೆಬ್ರವರಿಯ ಮತದಾನದ ದಿನ ಹೆಂಗಸರು ಮಧ್ಯಾಹ್ನವೇ ಬಂದುಹೋಗಿದ್ದರು. ನಾಲ್ಕೂಕಾಲಿಗೆ ಗಂಡಸರು ಬಂದರು. ಮಾಟುಂಗದಿಂದ ಲೋಕಲ್ ಹಿಡಿದು, ಕುರ್ಲಾದಲ್ಲಿ ಬದಲಿಸಿ, ಒಟ್ಟಾಗಿ ಬಂದಿದ್ದರು. ಮೈಯೆಲ್ಲ ಒಗ್ಗರಣೆಯ ವಾಸನೆ. ನೇರ ಎದುರು ಪಕ್ಷದ ಟೇಬಲ್ಲಿಗೆ ಹೋಗಿ ಚೀಟಿ ತೆಗೆದುಕೊಂಡರು! ನಾನು ಒಂದೊಂದೇ ಹೆಸರಿಗೆ ಪೆನ್ಸಿಲ್ ಗೆರೆ ಹಾಕಿದೆ. ಮತ ಹಾಕಿ ಬಂದ ಕೊರಗಪ್ಪ ನಮ್ಮ ಟೇಬಲ್ಲಿನ ಹತ್ತಿರ ನಿಂತು, ಶಾಯಿಯ ಬೆರಳು ತೋರಿಸಿ, "ಅಕ್ಕ, ಸುಳ್ಳು ಹೇಳುವುದಿಲ್ಲ. ನಿಮಗೆ ಹಾಕ್ಲಿಲ್ಲ" ಅಂದರು.

"ಹೇಳಬ್ಯಾಡ್ರಿ ಅದನ್ನ, ಗುಪ್ತ ಮತದಾನ ಐತಿ" ಅಂದೆ. ಇಬ್ಬರೂ ನಕ್ಕೆವು.

ನಾವು ಸೋತೆವು. ಮೂವತ್ತೊಂದು ಮತಗಳಿಂದ. ಅಧ್ಯಕ್ಷರು ಎಲ್ಲರೆದುರು ಬೋಡಸರ ಮೇಲೆ ಕೂಗಾಡಿದರು. ನಲವತ್ತೆರಡರಲ್ಲಿ ಮೂವತ್ತೊಂದನ್ನು ಕಳೆದು, ಉಳಿದಷ್ಟರಲ್ಲಿ ಗೆಲ್ಲುತ್ತಿದ್ದೆವು ಅಂತ ಬೆರಳು ಮಡಚಿ ತೋರಿಸಿದರು. ಬೋಡಸರು ನನ್ನ ಹೆಸರನ್ನು ಹೇಳಿ ಪಾರಾಗಬಹುದಿತ್ತು, ಹೇಳಲಿಲ್ಲ. ಮರುವಾರದಿಂದ ಆಫೀಸಿಗೆ ಬರುವುದು ಬೇಡ ಅಂತ ಅಧ್ಯಕ್ಷರು ಅವರಿಗೆ ಹೇಳಿದರು. ಬೋಡಸರು ಹೋಗುವಾಗ ತಮ್ಮ ನೋಟ್‌ಬುಕ್‌ಗಳನ್ನೆಲ್ಲ ನನ್ನ ಮೇಜಿನ ಮೇಲಿಟ್ಟು, "ಬೂತ್ ಪ್ರಕಾರ ಜೋಡಿಸಿ ಇಡು" ಅಂದರು.

ಜೋಡಿಸುವಾಗ ಆ ಚಾಳಿನ ಬೂತಿನ ಪುಟ ಸಿಕ್ಕಿತು. ಮೇಲೆ ವಿಚಾರಣೆಯ ಹಿಂದಿನ ದಿನದ ತಾರೀಖು. ಕೆಳಗೆ ವಾರ್ಡಿನ ಎಲ್ಲ ಬೂತುಗಳ ಅಂದಾಜು, ಅಚ್ಚುಕಟ್ಟಾದ ಕಾಲಮ್ಮುಗಳಲ್ಲಿ. ನಲವತ್ತೆರಡು ಹೆಸರನ್ನು ಎರಡು ಸಲ ಲೆಕ್ಕ ಹಾಕಿದ್ದರು. ಬಿಟ್ಟರೆ ನಾವು ಹತ್ತರಿಂದ ಹದಿನೈದರಲ್ಲಿ ಗೆಲ್ಲುತ್ತೇವೆ. ಸೇರಿಸಿದರೆ ಮೂವತ್ತರ ಆಚೀಚೆ ಸೋಲುತ್ತೇವೆ. ಎರಡನೆಯದರ ಕೆಳಗೆ ಎರಡು ಗೆರೆ ಎಳೆದಿದ್ದರು.

ನಾನು ಆ ಪುಟ ಹಿಡಿದುಕೊಂಡು ಅವತ್ತೇ ಮುಲುಂಡ್‌ನ ಗಾಡಿ ಹತ್ತಿದೆ. ಬೋಡಸರು ಬಾಲ್ಕನಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು.

"ಸರ್, ಅವತ್ತ ಅಧ್ಯಕ್ಷರಿಗೆ 'ಯಾರು ಯಾರಿಗೆ ಹಾಕ್ತಾರ ಯಾರ ಕಂಡಾರ' ಅಂದ್ರಿ. ಇದನ್ನ ನೋಡ್ರಿ. ಸೋಲ್ತೀವಿ ಅಂತ ನಿಮಗ ಮೊದಲೇ ಗೊತ್ತಿತ್ತೇನ್ರಿ?"

ಅವರು ಪುಟವನ್ನು ತೆಗೆದುಕೊಂಡು, ಕನ್ನಡಕ ಏರಿಸಿ, ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಇಷ್ಟು ದಿನ ಬಾಕಿ ಉಳಿಸಿಕೊಂಡಿದ್ದ ಬೈಗುಳವನ್ನೆಲ್ಲ ಒಂದೇ ಮಾತಿನಲ್ಲಿ ಬೈದರು.

"ಹುಚ್ಚಿ, ಅಷ್ಟೂ ಗೊತ್ತಿರಲಿಲ್ಲಂದ್ರ ಮೂವತ್ತ ವರ್ಷ ನಾ ಅಲ್ಲಿ ಕೂತು ಮಾಡಿದ್ದಾದ್ರೂ ಏನ?"